ಹೈಸ್ಕೂಲಿನ ಬಾಲಿಕೆಯರೂ ಸ್ವಂತ ಉದ್ಯಮವೂ

ಈ ಸಂಚಿಕೆಯನ್ನು ಕೈಗೆತ್ತಿಕೊಳ್ಳುವ ಪೂರ್ವವಿದ್ಯಾರ್ಥಿನಿಯರಿಗೆ ತಮ್ಮ ಹೊಲಿಗೆಯ ಪಾಠವು ನೆನಪಿಗೆ ಬಾರದಿರದು. ಬಿಳಿಯ ಅರಿವೆಯ ತುಂಡಿನ ಮೇಲೆ ಒಂದೇ ಅಳತೆಯ ಹೊಲಿಗೆಗಳನ್ನು ಹಾಕಿ, ಅದನ್ನು ಉಪಾಧ್ಯಾಯಿನಿಯವರ ಮುಂದೆ ಹಿಡಿದು, ಅವರ ಮುಖವನ್ನೇ ನೋಡುತ್ತ ನಿಂತ ದಿನವನ್ನು ಯಾರು ತಾನೇ ಮರೆತಾರು? ಬಾಲಿಕೆಯರ ಶಾಲೆಗಳು ನಮ್ಮ ಹೆಣ್ಣುಮಕ್ಕಳ ಕೈಗೆ ಕೊಟ್ಟ ಶಿಸ್ತು ಅಲ್ಪವಾದುದಲ್ಲ. ಆದರೆ ಆ ಪಾಠದಲ್ಲಿ ಎರಡು ಪ್ರಶ್ನೆಗಳು ಮಾತ್ರ ಹೆಚ್ಚಾಗಿ ಕೇಳಲ್ಪಡುತ್ತಿರಲಿಲ್ಲ. ಈ ವಸ್ತುವಿನ ಬೆಲೆ ಎಷ್ಟು? ಆ ಬೆಲೆಯನ್ನು ಗೊತ್ತುಮಾಡತಕ್ಕವರು ಯಾರು?

ಈ ಎರಡು ಪ್ರಶ್ನೆಗಳನ್ನು ಬಾಲಿಕೆಯು ಹೈಸ್ಕೂಲಿನಲ್ಲಿರುವಾಗಲೇ ಕೇಳಲು ಕಲಿಯಬೇಕೆಂಬುದೂ, ಕಲಿಯುವ ಬಗೆ ಯಾವುದೆಂಬುದೂ ಈ ಲೇಖನದ ವಿಷಯ.

ಸ್ವಂತ ಉದ್ಯಮವೆಂದರೆ ಅಂಗಡಿಯನ್ನಿಡುವುದೆಂದೇ ಅನೇಕರ ಎಣಿಕೆ. ಈಗಿನವರು ಉದ್ಯಮಶೀಲತೆಯೆಂದು ಕರೆಯುವ ಗುಣವು ಅದಕ್ಕಿಂತ ವಿಶಾಲವಾದುದು. ಅದರಲ್ಲಿ ನಾಲ್ಕು ಅಂಗಗಳುಂಟು. ಸುತ್ತಲಿನ ಜನರ ಕೊರತೆಯೊಂದನ್ನು ಕಣ್ಣಿಟ್ಟು ಕಾಣುವುದು ಮೊದಲನೆಯದು. ಅದನ್ನು ನೀಗಿಸಲು ಬೇಕಾದ ಹಣ, ಸಾಮಾನು, ಜನ ಇವುಗಳನ್ನು ಕೂಡಿಸುವುದು ಎರಡನೆಯದು. ಲಾಭವೋ ನಷ್ಟವೋ ತಿಳಿಯದಿರುವಾಗಲೂ ವಿಚಾರಮಾಡಿ ಮುಂದಡಿಯಿಡುವುದು ಮೂರನೆಯದು. ಕಡೆಗೆ ಬಂದದ್ದಕ್ಕೂ ಹೋದದ್ದಕ್ಕೂ ಲೆಕ್ಕವನ್ನೊಪ್ಪಿಸುವುದು ನಾಲ್ಕನೆಯದು. ಕೈಗೆಲಸವನ್ನು ಎಷ್ಟು ಚೆನ್ನಾಗಿ ಕಲಿತರೂ ಈ ನಾಲ್ಕು ಬಾರದಿದ್ದರೆ, ಕೆಲಸಮಾಡುವವಳು ಒಬ್ಬಳು, ನಿರ್ಣಯಿಸುವವರು ಮತ್ತೊಬ್ಬರು ಎಂಬ ಹಾಗಾಗುತ್ತದೆ.

ಈ ಭೇದವನ್ನು ತಿಳಿಯಲು ಮಿಶನ್ ಸಂಸ್ಥೆಗಳ ಚರಿತ್ರೆಯೇ ಸಾಕಾಗಿದೆ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ೧೮೪೧ರಲ್ಲಿ ಅಲ್ಲಿ ಮುದ್ರಣಾಲಯವನ್ನು ತೆರೆದರು. ಮುಂದೆ ನೇಯ್ಗೆಯ ಕಾರ್ಖಾನೆಯು ಬಂತು. ೧೮೬೫ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯು ಪ್ರಾರಂಭವಾಯಿತು. ಮತಾಂತರ ಹೊಂದಿದವರಲ್ಲಿ ಅನೇಕರು ತಮ್ಮ ಕುಲದ ಕಸುಬನ್ನೂ ನೆಲೆಯನ್ನೂ ಕಳೆದುಕೊಂಡಿದ್ದುದರಿಂದ ಅವರಿಗೆ ಜೀವನೋಪಾಯವನ್ನು ಒದಗಿಸುವುದು ಅಗತ್ಯವಾಗಿತ್ತು. ಸಾವಿರಾರು ಮನೆಗಳಲ್ಲಿ ಇದರಿಂದ ಒಲೆ ಹೊತ್ತಿತೆಂಬುದು ನಿರ್ವಿವಾದ. ಆದರೂ ಅಲ್ಲಿ ಕೆಲಸಗಾರನಿಗೆ ದೊರೆತದ್ದು ಕೂಲಿ. ಯಾವುದನ್ನು ಮಾಡಬೇಕು, ಎಷ್ಟಕ್ಕೆ ಮಾರಬೇಕು ಎಂಬ ವಿಚಾರವು ಸಂಸ್ಥೆಯದಾಗಿತ್ತು. ಕಸುಬನ್ನು ನೋಡಿ ಕಲಿತು, ತಾವೇ ಬಂಡವಾಳ ಹೂಡಿ ಹೆಂಚಿನ ಕಾರ್ಖಾನೆಗಳನ್ನು ಕಟ್ಟಿದ ಊರಿನವರಿಂದಲೇ ಆ ಉದ್ಯಮವು ಕರಾವಳಿಯಲ್ಲೆಲ್ಲ ಹರಡಿತು. ಕಸುಬನ್ನು ಬಲ್ಲವನಿಗೂ ಉದ್ಯಮವನ್ನು ಬಲ್ಲವನಿಗೂ ಇರುವ ಅಂತರವು ಇದೇ.

ಹೆಂಗಸರ ವಿಷಯದಲ್ಲಿ ಈ ಅಂತರವು ಇನ್ನೂ ಕಠಿನವಾಗಿ ಕಾಣಿಸಿತು. ಆಂಧ್ರದೇಶದಲ್ಲಿ ಗೋದಾವರಿಯ ಮುಖಭಾಗದ ನರಸಾಪುರವೆಂಬ ಊರಿನ ಸುತ್ತಮುತ್ತಲ ಹೆಂಗಸರಿಗೆ ೧೯ನೆಯ ಶತಮಾನದಲ್ಲಿ ಮಿಶನರಿಗಳ ಮನೆಯವರು ಕ್ರೋಶಾ ಕಡ್ಡಿಯಿಂದ ಲೇಸು ಹೆಣೆಯುವುದನ್ನು ಕಲಿಸಿದರು. ಆ ಲೇಸು ಸಮುದ್ರವನ್ನು ದಾಟಿ ಪರದೇಶಗಳಿಗೆ ಹೋಗತೊಡಗಿತು. ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆಯು ಆ ಹೆಂಗಸರ ಸ್ಥಿತಿಯನ್ನು ಕುರಿತು ೧೯೮೨ರಲ್ಲಿ ಪ್ರಕಟಿಸಿದ ಗ್ರಂಥವು ಪ್ರಸಿದ್ಧವಾಗಿದೆ. ದಲ್ಲಾಳಿಗಳು ನೂಲನ್ನು ಮನೆಗೆ ತಂದುಕೊಡುವರು. ಹೆಣೆದ ಲೇಸನ್ನು ಕೊಂಡೊಯ್ಯುವರು. ಹೆಂಗಸರು ದಿನಕ್ಕೆ ಅನೇಕ ತಾಸು ಹೆಣೆದರೂ, ಅದು ಗೃಹಿಣಿಯರ ಬಿಡುವಿನ ವೇಳೆಯ ಕೆಲಸವೆಂದೇ ಎಣಿಸಲ್ಪಡುತ್ತಿತ್ತು. ಬಿಡುವಿನ ಕೆಲಸಕ್ಕೆ ಬೆಲೆಯೇನು ಎಂಬ ಮಾತಿನಿಂದ ಕೂಲಿಯು ಕುಗ್ಗಿತು. ವ್ಯಾಪಾರದ ಲಾಭವೆಲ್ಲ ಬೇರೆಯವರ ಪಾಲಾಯಿತು. ಕಡ್ಡಿಯು ಹೆಂಗಸಿನ ಕೈಯಲ್ಲಿತ್ತು. ಕಿರ್ದಿಯ ಪುಸ್ತಕವು ಮತ್ತೊಬ್ಬರ ಕೈಯಲ್ಲಿತ್ತು. ಕಲಿಸಿದವರ ಉದ್ದೇಶವು ಒಳ್ಳೆಯದೇ. ಆದರೂ ಕಲಿಸಿದ್ದರಲ್ಲಿ ಅರ್ಧ ಭಾಗವು ಉಳಿದುಹೋಯಿತು.

ಆ ಉಳಿದ ಅರ್ಧವನ್ನು ಹೆಂಗಸರು ತಾವೇ ಕಲಿತುಕೊಂಡಲ್ಲಿ ಏನಾಯಿತೆಂಬುದಕ್ಕೂ ದೃಷ್ಟಾಂತವುಂಟು. ೧೯೫೯ನೆಯ ಇಸವಿ ಮಾರ್ಚಿ ೧೫ರಂದು ಮುಂಬಯಿಯ ಗಿರಗಾಂವಿನಲ್ಲಿ ಏಳು ಮಂದಿ ಗೃಹಿಣಿಯರು ೮೦ ರೂಪಾಯಿ ಸಾಲ ತೆಗೆದುಕೊಂಡು, ಮನೆಯ ಮಾಳಿಗೆಯ ಮೇಲೆ ಹಪ್ಪಳ ಒತ್ತಲು ತೊಡಗಿದರು. ನಷ್ಟವಾದರೂ ಯಾರಲ್ಲಿಯೂ ದಾನ ಬೇಡತಕ್ಕದ್ದಲ್ಲವೆಂದು ನಿಶ್ಚಯಿಸಿಕೊಂಡಿದ್ದರು. ಮೊದಲು ಅವರು ಎರಡು ತರದ ಹಪ್ಪಳ ಮಾಡಿ, ಕೀಳಾದುದನ್ನು ಕಡಿಮೆ ಬೆಲೆಗೆ ಮಾರುತ್ತಿದ್ದರು. ಅವರಿಗೆ ಮಾರ್ಗದರ್ಶಕರಾಗಿದ್ದ ಛಗನ್‌ಲಾಲ್ ಪಾರೇಖರು, ಗುಣದಲ್ಲಿ ಒಂದೇ ಮಟ್ಟವನ್ನು ಕಾಯಬೇಕೆಂದೂ, ಇದನ್ನು ವ್ಯವಹಾರವೆಂದೇ ತಿಳಿದು ಲೆಕ್ಕವನ್ನು ಸರಿಯಾಗಿ ಇಡಬೇಕೆಂದೂ ಬುದ್ಧಿ ಹೇಳಿದರು. ಅದೇ ಈಗಿನ ಲಿಜ್ಜತ್ ಹಪ್ಪಳದ ಸಂಸ್ಥೆ. ಅಲ್ಲಿ ದುಡಿಯುವ ಸದಸ್ಯೆಯರೇ ಒಡತಿಯರು. ಲಾಭವೂ ನಷ್ಟವೂ ಅವರದೇ. ಆ ಏಳು ಮಂದಿಯಲ್ಲೊಬ್ಬರಾದ ಜಸವಂತಿಬೆನ್ ಪೋಪಟರಿಗೆ ೨೦೨೧ರಲ್ಲಿ ಪದ್ಮಶ್ರೀ ಪ್ರಶಸ್ತಿಯು ದೊರೆಯಿತು. ನರಸಾಪುರದ ಹೆಂಗಸಿಗಿಂತ ಗಿರಗಾಂವಿನ ಹೆಂಗಸಿನ ಕೈಚಳಕವು ಹೆಚ್ಚಿನದೆಂದು ಯಾರೂ ಹೇಳಲಾರರು. ಹಪ್ಪಳಕ್ಕಿಂತ ಲೇಸು ಕಷ್ಟವಾದ ಕೆಲಸ. ವ್ಯತ್ಯಾಸವಿದ್ದುದು ಲೆಕ್ಕದಲ್ಲಿಯೂ ಒಡೆತನದಲ್ಲಿಯೂ ಮಾತ್ರ.

ಹಣವನ್ನು ಕೂಡಿಸುವ ವಿಷಯದಲ್ಲಿಯೂ ಹೀಗೆಯೇ. ಅಹಮದಾಬಾದಿನಲ್ಲಿ ಇಳಾ ಭಟ್ಟರು ೧೯೭೨ರಲ್ಲಿ ಸ್ಥಾಪಿಸಿದ ಸೇವಾ ಸಂಘದ ಬಡ ಹೆಂಗಸರು, ೧೯೭೪ರಲ್ಲಿ ನಾಲ್ಕು ಸಾವಿರ ಮಂದಿ ಸೇರಿ ತಲೆಗೆ ಹತ್ತು ಹತ್ತು ರೂಪಾಯಿ ಹಾಕಿ ತಮ್ಮದೇ ಒಂದು ಸಹಕಾರಿ ಬ್ಯಾಂಕನ್ನು ಕಟ್ಟಿದರು. ಇಂಥ ಕಾರ್ಯಕ್ಕಾಗಿ ನಾವು ಗುಜರಾತಿನವರೆಗೆ ನೋಡಬೇಕಾದುದೂ ಇಲ್ಲ. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ೧೮೯೪ರಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ತೆರೆದರು. ೧೯೦೬ರಲ್ಲಿ, ಮುಂದೆ ಕೆನರಾ ಬ್ಯಾಂಕು ಎಂದು ಹೆಸರಾದ ನಿಧಿಯನ್ನು ಸ್ಥಾಪಿಸಿದರು. ಬಾಲಿಕೆಯ ವಿದ್ಯೆಯೂ ಊರಿನ ಉಳಿತಾಯವೂ ಒಬ್ಬರೇ ಮಹನೀಯರ ಮನಸ್ಸಿನಲ್ಲಿ ಒಟ್ಟಿಗೆ ನೆಲಸಿದ್ದುವು. ಉಡುಪಿಯಲ್ಲಿ ೧೯೨೫ರಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡು, ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆಯವರು ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಪ್ರಾರಂಭಿಸಿ, ಮನೆಮನೆಗೂ ಹೋಗಿ ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಕೂಡಿಸಿದರು. ದೊಡ್ಡ ಬಂಡವಾಳವಿದ್ದ ಹೊರತು ಉದ್ಯಮವಿಲ್ಲವೆಂಬ ಮಾತಿಗೆ ಕರಾವಳಿಯ ಈ ಎರಡಾಣೆಯೇ ಉತ್ತರವಾಗಿದೆ.

ಹಾಗಾದರೆ ಇದನ್ನು ಶಾಲೆಯಲ್ಲಿ ಕಲಿಸುವುದು ಸಾಧ್ಯವೇ? ಸಾಧ್ಯವೆಂಬುದಕ್ಕೆ ಅನುಭವವು ಸಾಕಷ್ಟಿದೆ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ೧೯೧೯ರಲ್ಲಿ ಪ್ರಾರಂಭವಾದ ಜೂನಿಯರ್ ಅಚೀವ್‌ಮೆಂಟ್ ಎಂಬ ಸಂಸ್ಥೆಯು ಮಕ್ಕಳಿಂದಲೇ ಚಿಕ್ಕ ಕಂಪೆನಿಗಳನ್ನು ಕಟ್ಟಿಸುವ ಕ್ರಮವನ್ನು ಬೆಳೆಸಿತು. ಮಕ್ಕಳು ಪಾಲುಗಳನ್ನು ಮಾರಿ ಹಣ ಕೂಡಿಸುವರು, ವಸ್ತುವನ್ನು ಮಾಡಿ ಮಾರುವರು, ವರ್ಷಾಂತ್ಯದಲ್ಲಿ ಲೆಕ್ಕವನ್ನೊಪ್ಪಿಸಿ ಕಂಪೆನಿಯನ್ನು ಮುಗಿಸುವರು. ನಮ್ಮ ದೇಶದಲ್ಲಿ ೧೯೩೭ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಕೈಗೆಲಸವನ್ನೇ ಮಧ್ಯದಲ್ಲಿಟ್ಟ ಶಿಕ್ಷಣವನ್ನು ಸೂಚಿಸಿದರು. ದೆಹಲಿಯ ಸರಕಾರಿ ಶಾಲೆಗಳಲ್ಲಿ ೨೦೧೯ರಲ್ಲಿ ೯ರಿಂದ ೧೨ನೆಯ ತರಗತಿಗಳವರೆಗೆ ಉದ್ಯಮಶೀಲತೆಯ ಪಾಠಕ್ರಮವನ್ನು ತಂದರು. ೨೦೨೧ರಲ್ಲಿ ಮೇಲಿನ ಎರಡು ತರಗತಿಗಳವರಿಗೆ ತಲೆಗೆ ೨,೦೦೦ ರೂಪಾಯಿಗಳಂತೆ ಮೊದಲ ಬಂಡವಾಳವನ್ನು ಕೊಟ್ಟು ಗುಂಪುಗುಂಪಾಗಿ ಉದ್ಯಮ ಮಾಡಿಸಿದರು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ೬ರಿಂದ ೮ನೆಯ ತರಗತಿಗಳ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಊರಿನ ಕುಶಲಕರ್ಮಿಗಳ ಬಳಿ ಕಲಿಯಬೇಕೆಂದು ಹೇಳುತ್ತದೆ.

ಬಾಲಿಕೆಯರ ಹೈಸ್ಕೂಲೊಂದರಲ್ಲಿ ಇದು ಹೇಗೆ ನಡೆಯಬಹುದೆಂಬುದನ್ನು ಒಂದು ಉದಾಹರಣೆಯಿಂದ ವಿವರಿಸುವೆವು. ಒಂಭತ್ತನೆಯ ತರಗತಿಯ ಹತ್ತು ಮಂದಿ ಬಾಲಿಕೆಯರು ತಲೆಗೆ ೫೦ ರೂಪಾಯಿ ಹಾಕಿ ೫೦೦ ರೂಪಾಯಿ ಕೂಡಿಸಿದರೆಂದು ಎಣಿಸೋಣ. ಮನೆಗಳಲ್ಲಿ ಹಳೆಯ ಸೀರೆಗಳಿವೆ. ಸಂತೆಗೆ ಹೋಗುವವರಿಗೆ ಬಟ್ಟೆಯ ಚೀಲಗಳು ಬೇಕು. ನೂಲು, ಹಿಡಿಯ ಪಟ್ಟಿ, ಹೊಲಿಗೆಯ ಯಂತ್ರದ ಬಾಡಿಗೆ ಎಲ್ಲ ಕೂಡಿ ೪೦೦ ರೂಪಾಯಿ ಖರ್ಚಾಗಿ ೪೦ ಚೀಲಗಳು ಸಿದ್ಧವಾದುವು. ಒಂದಕ್ಕೆ ೧೫ ರೂಪಾಯಿ ಬೆಲೆಯಿಟ್ಟರು. ಶಾಲೆಯ ಉತ್ಸವದ ದಿನ ೩೨ ಚೀಲಗಳು ಮಾರಿ ೪೮೦ ರೂಪಾಯಿ ಬಂತು. ೮ ಚೀಲಗಳು ಉಳಿದುವು. ಖರ್ಚು ಕಳೆದು ೮೦ ರೂಪಾಯಿ ಮಿಕ್ಕಿತು. ಬಾಲಿಕೆಯರು ಸಂತೋಷದಿಂದ ಕೈ ತಟ್ಟಿದರು. ಸಾಮಾನ್ಯವಾಗಿ ಶಾಲೆಯ ಮಳಿಗೆಯ ಕಥೆಯು ಇಲ್ಲಿಗೆ ಮುಗಿಯುತ್ತದೆ. ವಾಸ್ತವವಾಗಿ ಪಾಠವು ಪ್ರಾರಂಭವಾಗತಕ್ಕದ್ದು ಇಲ್ಲಿಂದಲೇ.

ಈಗ ಉಪಾಧ್ಯಾಯಿನಿಯವರು ಕೇಳಬೇಕು: ಮಕ್ಕಳೇ, ನೀವು ಎಷ್ಟು ತಾಸು ದುಡಿದಿರಿ? ಒಬ್ಬೊಬ್ಬಳು ಮೂರು ತಾಸಿನಂತೆ ಹತ್ತು ಮಂದಿಗೆ ಮೂವತ್ತು ತಾಸಾಯಿತು. ೮೦ ರೂಪಾಯಿಯನ್ನು ಮೂವತ್ತರಿಂದ ಭಾಗಿಸಿದರೆ ತಾಸಿಗೆ ಮೂರು ರೂಪಾಯಿಯೂ ಬೀಳುವುದಿಲ್ಲ. ತರಗತಿಯಲ್ಲಿ ಮೌನವುಂಟಾಗುವುದು. ಆ ಮೌನಕ್ಕೆ ಬೆಲೆಯುಂಟು. ತನ್ನ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಲಾಭವೆಂದು ಕಂಡದ್ದು ಲಾಭವಲ್ಲವೆಂಬುದನ್ನು, ನರಸಾಪುರದ ಹೆಂಗಸರಿಗೆ ಯಾರೂ ಹೇಳಿಕೊಡದಿದ್ದುದನ್ನು, ಹದಿನಾಲ್ಕು ವರುಷದ ಬಾಲಿಕೆಯು ಒಂದು ಭಾಗಾಕಾರದಿಂದ ಕಲಿತುಕೊಳ್ಳುವಳು. ಬೆಲೆಯನ್ನು ಏರಿಸಬಹುದೇ? ಒಬ್ಬಳು ಕತ್ತರಿಸಿ, ಒಬ್ಬಳು ಹೊಲಿದು, ಒಬ್ಬಳು ಹಿಡಿ ಕಟ್ಟಿದರೆ ವೇಳೆಯು ಉಳಿಯುವುದೇ? ಉಳಿದ ಎಂಟು ಚೀಲಗಳನ್ನು ಯಾರೂ ಕೊಳ್ಳದಿರಲು ಕಾರಣವೇನು? ಬೇರೆ ವಸ್ತುವನ್ನೇ ಮಾಡಬೇಕಿತ್ತೇ? ಈ ಪ್ರಶ್ನೆಗಳಿಗೆ ಉತ್ತರವು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ, ಅವರೇ ಹುಡುಕಬೇಕು.

ಇದಕ್ಕಾಗಿ ಮೂರು ಪುಸ್ತಕಗಳು ಸಾಕು. ದಿನದಿನದ ಜಮಾಖರ್ಚನ್ನು ಬರೆಯುವ ಕಿರ್ದಿ ಒಂದು. ತಂದ ಸಾಮಾನು, ಮಾರಿದ ಸಾಮಾನು, ಉಳಿದ ಸಾಮಾನುಗಳ ಪಟ್ಟಿ ಒಂದು. ಯಾರು ಎಷ್ಟು ತಾಸು ದುಡಿದರೆಂಬ ಪುಸ್ತಕ ಒಂದು. ಕೊಳ್ಳುವವಳು, ಮಾರುವವಳು, ಲೆಕ್ಕವಿಡುವವಳು ಎಂಬ ಕೆಲಸಗಳು ಎಲ್ಲರಿಗೂ ಸರದಿಯಂತೆ ಬರಬೇಕು. ಇಲ್ಲವಾದರೆ ಮಾತುಗಾರ್ತಿಯು ಯಾವಾಗಲೂ ಮಾರುವಳು, ಸಾಧುವಾದವಳು ಯಾವಾಗಲೂ ಹೊಲಿಯುವಳು. ದೊಡ್ಡವರ ಪ್ರಪಂಚದ ತಪ್ಪೇ ತರಗತಿಯಲ್ಲಿ ಬೆಳೆಯುವುದು.

ತಾಯ್ತಂದೆಗಳಿಗೆ ಈ ವಿಷಯದಲ್ಲಿ ಕೆಲವು ಶಂಕೆಗಳಿರುವುದು ಸಹಜ. ಓದು ಕೆಡುವುದೆಂಬುದು ಮೊದಲನೆಯ ಶಂಕೆ. ವಾರಕ್ಕೆ ಒಂದೆರಡು ತಾಸು, ಅದೂ ವರ್ಷದಲ್ಲಿ ಒಂದು ಅವಧಿಗೆ ಮಾತ್ರವಾದರೆ ಓದು ಕೆಡಲಾರದು. ಶೇಕಡಾವಾರು ಲೆಕ್ಕವನ್ನೂ ಪತ್ರಲೇಖನವನ್ನೂ ಬಾಲಿಕೆಯು ಇಲ್ಲಿ ಬೇಸರವಿಲ್ಲದೆ ಅಭ್ಯಾಸಮಾಡುವಳು. ಚಿಕ್ಕಂದಿನಲ್ಲಿಯೇ ದುಡ್ಡಿನಾಸೆ ಹುಟ್ಟುವುದೆಂಬುದು ಎರಡನೆಯದು. ಆಸೆಯು ಹುಟ್ಟುವುದು ಹಣವನ್ನು ಬಚ್ಚಿಟ್ಟಲ್ಲಿ. ಎಲ್ಲರೆದುರಿಗೆ ಎಣಿಸಿ ಲೆಕ್ಕವೊಪ್ಪಿಸುವಲ್ಲಿ ಹುಟ್ಟತಕ್ಕದ್ದು ಪ್ರಾಮಾಣಿಕತೆ. ಹೆಣ್ಣುಮಕ್ಕಳಿಗೆ ವ್ಯಾಪಾರವೇಕೆ ಎಂಬುದು ಮೂರನೆಯದು. ಜ್ಞಾನೋಕ್ತಿಗಳ ಗ್ರಂಥದ ಕಡೆಯ ಅಧ್ಯಾಯದಲ್ಲಿ ಹೊಗಳಲ್ಪಟ್ಟ ಗೃಹಿಣಿಯು ಬಟ್ಟೆಯನ್ನು ನೇಯ್ದು ಸುಮ್ಮನಾದವಳಲ್ಲ. ಅದನ್ನು ವರ್ತಕರಿಗೆ ಮಾರಿದವಳು, ಹೊಲವನ್ನು ನೋಡಿ ವಿಚಾರಿಸಿ ಕೊಂಡವಳು ಎಂಬುದನ್ನು ಆ ಗ್ರಂಥವನ್ನು ಓದಿದವರು ಬಲ್ಲರು. ಅಲ್ಲದೆ ವೈಧವ್ಯವೋ, ಗಂಡನ ಕಾಯಿಲೆಯೋ, ಕೆಲಸದ ನಷ್ಟವೋ ಮನೆಯ ಬಾಗಿಲಿಗೆ ಬಂದ ದಿನ, ಲೆಕ್ಕವನ್ನು ಬಲ್ಲ ಹೆಣ್ಣುಮಗಳಿಗೂ ಅದನ್ನು ಆ ದಿನವೇ ಮೊದಲಾಗಿ ನೋಡುವವಳಿಗೂ ಇರುವ ಭೇದವನ್ನು ನಮ್ಮಲ್ಲಿ ಕಾಣದವರು ಯಾರು?

ಆದರೂ ಕೆಲವು ಮಿತಿಗಳನ್ನು ಮೀರಕೂಡದು. ೧೮೭೨ರ ಕರಾರು ಶಾಸನದ ಪ್ರಕಾರ ಅಪ್ರಾಪ್ತ ವಯಸ್ಕರು ಕರಾರು ಮಾಡಲು ಅರ್ಹರಲ್ಲ. ೧೮ ವರುಷ ತುಂಬದವರು ಮಾಡಿದ ಕರಾರು ಶೂನ್ಯವೆಂದು ೧೯೦೩ರಲ್ಲಿ ಪ್ರಿವಿ ಕೌನ್ಸಿಲು ತೀರ್ಪಿತ್ತಿತು. ಆದುದರಿಂದ ಬಾಲಿಕೆಯರ ಉದ್ಯಮದಲ್ಲಿ ಸಾಲಕ್ಕೆ ಎಡೆಯಿರಬಾರದು; ಬಾಡಿಗೆ ಮುಂತಾದ ಒಪ್ಪಂದಗಳನ್ನು ಶಾಲೆಯವರೇ ಮಾಡಿಕೊಳ್ಳಬೇಕು. ೨೦೧೬ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಶಾಸನವು ೧೪ ವರುಷದೊಳಗಿನ ಮಕ್ಕಳನ್ನು ಕೆಲಸಕ್ಕಿಡುವುದನ್ನು ನಿಷೇಧಿಸಿ, ಶಾಲೆಯ ವೇಳೆಯ ಹೊರಗೆ ಮನೆಯವರಿಗೆ ನೆರವಾಗುವುದೇ ಮೊದಲಾದ ಕೆಲವನ್ನು ಮಾತ್ರ ಬಿಟ್ಟಿದೆ. ಕಲಿಕೆಯ ಹೆಸರಿನಲ್ಲಿ ಶಾಲೆಯು ಮಕ್ಕಳ ದುಡಿಮೆಯಿಂದ ಆದಾಯ ಮಾಡಿಕೊಂಡರೆ ಅದು ಶಿಕ್ಷಣವಲ್ಲ, ಶೋಷಣೆ. ೫೦ ರೂಪಾಯಿ ತರಲಾರದ ಬಾಲಿಕೆಯು ಯಾವ ತರಗತಿಯಲ್ಲಿಯೂ ಇರಬಹುದು. ಎಲ್ಲರ ಪಾಲನ್ನೂ ಶಾಲೆಯ ನಿಧಿಯಿಂದ ಸಮನಾಗಿ ಕೊಟ್ಟರೆ ಯಾರಿಗೂ ತಲೆತಗ್ಗಿಸುವ ಪ್ರಸಂಗವಿರದು. ನಷ್ಟಪಟ್ಟ ಗುಂಪನ್ನು ನಗೆಗೀಡುಮಾಡಬಾರದು. ನಷ್ಟದ ಕಾರಣವನ್ನು ಸ್ಪಷ್ಟವಾಗಿ ಬರೆದವರಿಗೆ ಲಾಭ ಮಾಡಿದವರಷ್ಟೇ ಮರ್ಯಾದೆ ಸಲ್ಲಬೇಕು.

ತಾಯ್ತಂದೆಗಳಲ್ಲಿ ಇನ್ನೊಂದು ವಿಜ್ಞಾಪನೆ. ಉತ್ಸವದ ದಿನ ಮಗಳ ಮಳಿಗೆಯ ಸಾಮಾನೆಲ್ಲವನ್ನೂ ವಾತ್ಸಲ್ಯದಿಂದ ತಾವೇ ಕೊಂಡುಬಿಡಬೇಡಿರಿ. ಹಿಂದಿನ ರಾತ್ರಿ ಅವಳ ಬದಲಾಗಿ ತಾವೇ ಕುಳಿತು ಹೊಲಿಯಲೂಬೇಡಿರಿ. ಉಳಿದುಹೋದ ಎಂಟು ಚೀಲಗಳು ಅವಳಿಗೆ ಹೇಳುವ ನಿಜವನ್ನು ನಿಮ್ಮ ಪ್ರೀತಿಯು ಮರೆಮಾಡೀತು. ಅದಕ್ಕೆ ಬದಲಾಗಿ ತಿಂಗಳಿಗೊಮ್ಮೆ ಮನೆಯ ದಿನಸಿಯ ಲೆಕ್ಕವನ್ನು ಅವಳ ಕೈಗೆ ಕೊಡಿರಿ. ಹತ್ತು ವರುಷ ತುಂಬಿದ ಮಗುವು ಬ್ಯಾಂಕಿನವರ ನಿಯಮಗಳಿಗೊಳಪಟ್ಟು ತನ್ನ ಉಳಿತಾಯದ ಖಾತೆಯನ್ನು ತಾನೇ ನಡೆಯಿಸಬಹುದೆಂದು ರಿಸರ್ವ್ ಬ್ಯಾಂಕು ಅನುಮತಿಸಿದೆ. ಅವಳ ಹೆಸರಿನಲ್ಲಿ ಒಂದು ಖಾತೆಯನ್ನು ತೆರೆಯಿರಿ.

ಪೂರ್ವವಿದ್ಯಾರ್ಥಿನಿಯರಿಂದಲೂ ಶಾಲೆಯು ನಿರೀಕ್ಷಿಸತಕ್ಕದ್ದುಂಟು. ನಿಮ್ಮಲ್ಲಿ ಹೊಲಿಗೆಯ ಅಂಗಡಿಯನ್ನೋ, ಊಟದ ಮನೆಯನ್ನೋ, ಸಸ್ಯಪಾಲನೆಯನ್ನೋ, ಔಷಧಾಲಯವನ್ನೋ ನಡೆಯಿಸುವವರಿರಬಹುದು. ಬಹುಮಾನ ವಿತರಣೆಯ ದಿನ ಬಂದು ಉಪದೇಶ ಮಾಡುವುದಕ್ಕಿಂತ, ಸಾಧಾರಣ ದಿನವೊಂದರಲ್ಲಿ ನಿಮ್ಮ ಲೆಕ್ಕದ ಪುಸ್ತಕವನ್ನು ತಂದು ಬಾಲಿಕೆಯರ ಮುಂದೆ ಬಿಚ್ಚಿರಿ. ಮೊದಲನೆಯ ವರುಷ ಎಲ್ಲಿ ಎಡವಿದಿರಿ, ಯಾವ ಗಿರಾಕಿಯು ಹಣ ಕೊಡಲಿಲ್ಲ, ಬೆಲೆಯನ್ನು ಹೇಳಲು ಮೊದಲು ಎಷ್ಟು ನಾಚಿದಿರಿ ಎಂಬುದನ್ನು ತಿಳಿಸಿರಿ. ನಿಮ್ಮಿಂದ ಸಾಧ್ಯವಾದಷ್ಟು ಹಣವನ್ನು ಸೇರಿಸಿ ಒಂದು ಚಿಕ್ಕ ನಿಧಿಯನ್ನು ಮಾಡಿರಿ. ಅದು ದಾನವಾಗಿರದೆ, ಈ ವರುಷದ ತರಗತಿಯು ಉಪಯೋಗಿಸಿ, ಉಳಿದಷ್ಟನ್ನು ಲೆಕ್ಕಸಹಿತ ಮುಂದಿನ ವರುಷದವರಿಗೆ ಒಪ್ಪಿಸತಕ್ಕ ಮೊತ್ತವಾಗಿರಲಿ.

ಹೀಗೆ ಕಲಿತ ಬಾಲಿಕೆಯರೆಲ್ಲರೂ ವರ್ತಕಿಯರಾಗಬೇಕೆಂದು ನಾವು ಬಯಸುವುದಿಲ್ಲ. ಹಲವರು ದಾದಿಯರೂ ಉಪಾಧ್ಯಾಯಿನಿಯರೂ ವೈದ್ಯೆಯರೂ ಗೃಹಿಣಿಯರೂ ಆಗುವರು, ಅದು ಯೋಗ್ಯವೇ. ಆದರೆ ಯಾವ ಕೆಲಸದಲ್ಲಿದ್ದರೂ ತನ್ನ ದುಡಿಮೆಯ ಬೆಲೆಯನ್ನು ತಾನು ತಿಳಿದು, ಅದನ್ನು ನಾಚದೆ ಹೇಳಿ, ಬಂದದ್ದಕ್ಕೆ ತಾನೇ ಲೆಕ್ಕವೊಪ್ಪಿಸಬಲ್ಲ ಹೆಣ್ಣುಮಗಳನ್ನು ಮೋಸಗೊಳಿಸುವುದು ಸುಲಭವಲ್ಲ. ಅವಳು ಇತರರನ್ನು ಮೋಸಗೊಳಿಸುವುದೂ ಅಪೂರ್ವ. ಸೂಜಿಯನ್ನು ಬಾಲಿಕೆಯ ಕೈಗೆ ಕೊಟ್ಟ ನಮ್ಮ ಶಾಲೆಗಳು ಇನ್ನು ಮುಂದೆ ಕಿರ್ದಿಯ ಪುಸ್ತಕವನ್ನೂ ಅವಳ ಕೈಗೆ ಕೊಡಲಿ. ತಾಯ್ತಂದೆಗಳೂ ಪೂರ್ವವಿದ್ಯಾರ್ಥಿನಿಯರೂ ಇದಕ್ಕೆ ಬೆಂಬಲವಾಗಿ ನಿಲ್ಲಲೆಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇವೆ.